ಅಳಗುಳಿ ಮಣೆಯ ಪ್ರೋಗ್ರಾಮು

ನಾನು ಕಂಪ್ಯೂಟರ್ ಮೇಷ್ಟ್ರಾದದ್ದು ಅಳಗುಳಿ ಮಣೆಯಿಂದ ಎಂದರೆ ನಮ್ಮ ಕಾಲೇಜಿನಲ್ಲಿ ಯಾರೂ ನಂಬುವುದಿಲ್ಲ. ಕೌದಳ್ಳಿಯ ನಮ್ಮ ಮನೆ ಜಗುಲಿಯಲ್ಲಿ, ಹದಿನಾಲ್ಕು ಗುಳಿಯ ಆ ಮರದ ಮಣೆಯ ಮುಂದೆ ಹುಣಸೆಬೀಜ ಹಿಡಿದು ಕೂತೆನೆಂದರೆ ನನ್ನನ್ನು ಸೋಲಿಸುವವರೇ ಇರಲಿಲ್ಲ. ಎದುರಿಗೆ ಇದ್ದವಳು ಒಡಹುಟ್ಟಿದ ಶಂಕರಕ್ಕ ಒಬ್ಬಳೇ. ಹಾಳೂರಿಗೆ ಉಳಿದವನೇ ಗೌಡ ಅಂತೀರಾ? ಅನ್ನಿ. ಸಂಜೆಯಾದರೆ ನಮ್ಮಿಬ್ಬರಿಗೂ ಒಂದು ಆಟ. ಗೆದ್ದವರು ಓದಲು ಕೂರಬೇಕು, ಸೋತವರು ಪಾತ್ರೆ ತೊಳೆಯಬೇಕು. ಅದು ಅವ್ವ ಮಾಡಿದ್ದ ಕಟ್ಟಳೆ. ಅಕ್ಕ ಪಾತ್ರೆ ತೊಳೆದೂ ತೊಳೆದೂ ಏಳನೇ ಕ್ಲಾಸಿಗೇ ಶಾಲೆ ಬಿಟ್ಟಳು. ನಾನು ಗೆದ್ದೂ ಗೆದ್ದೂ ಮೈಸೂರಿಗೆ ಹೋಗಿ ಗಣಿತದಲ್ಲಿ ಎಂ.ಎಸ್ಸಿ. ಮಾಡಿದೆ.

ಆಮೇಲೆ ಯಳಂದೂರಿನ ಒಂದು ಕಂಪ್ಯೂಟರ್ ಸೆಂಟರಿನಲ್ಲಿ ಪಾಠ. ಎರಡೇ ಕಂಪ್ಯೂಟರು, ಚಪ್ಪಲಿ ಹೊರಗೆ ಬಿಟ್ಟೇ ಒಳಗೆ ಬರಬೇಕು. ಒಂದು ಆಯುಧಪೂಜೆಗೆ ಓನರು ರಂಗರಾಜು ಭಕ್ತಿ ಹೆಚ್ಚಾಗಿ ಕೀಬೋರ್ಡಿನ ಮೇಲೆಲ್ಲ ಕುಂಕುಮ ಸುರಿದುಬಿಟ್ಟ. ವಾರವಿಡೀ ಅದರ ಗುಂಡಿಗಳನ್ನು ಕಿತ್ತು ಒರೆಸುತ್ತಾ ಅವನನ್ನು ಬೈದಿದ್ದೇ ಬೈದಿದ್ದು. ಎಷ್ಟು ಚೆಂದದ ದಿನಗಳವು! ಅಲ್ಲಿಂದ ಕೊಳ್ಳೇಗಾಲದ ಕಾಲೇಜಿಗೆ ಬಂದವನು ಇನ್ನೇನು ರಿಟೈರಾಗುತ್ತೇನೆ.

ನನ್ನ ಹವ್ಯಾಸವೂ ಸಂಶೋಧನೆಯೂ ಒಂದೇ, ಅಳಗುಳಿ ಮಣೆ ಆಡುವ ಪ್ರೋಗ್ರಾಮು. "ಎಲ್ರೂ ಮುಖ ಗುರುತಿಸೋ ಪ್ರೋಗ್ರಾಮ್ ಮಾಡ್ತಿದ್ರೆ ನೀವು ಹುಣಸೆಬೀಜ ಎಣಿಸ್ತಾ ಕೂತಿದ್ದೀರಲ್ಲ ಸಾರ್" ಎಂದು ಜೊತೆಯ ಲೆಕ್ಚರರ್ ಶಿವರಂಜನಿ ಕಾಲೆಳೆಯುತ್ತಾಳೆ. ಎಳೆಯಲಿ. ಈ ವರ್ಷ ಅದು ಎಷ್ಟು ಪಳಗಿತೆಂದರೆ ನನಗೇ ಒಂದು ಆಟವನ್ನೂ ಗೆಲ್ಲಲಾಗಲಿಲ್ಲ. ಮೈಸೂರಿನ ಸೆಮಿನಾರಿನಲ್ಲಿ ತೋರಿಸುವ ಮುಂಚೆ ಇನ್ನೊಬ್ಬರ ಜೊತೆ ಆಡಿಸಿ ನೋಡಬೇಕಿತ್ತು. ಸರ್ವೀಸಿನಲ್ಲಿ ನಾನು ಮಾಡಿದ ಒಂದೇ ಒಂದು ಸ್ವಂತ ಕೆಲಸ ಅದು, ಅಲ್ಲಿ ಮುಖಭಂಗವಾಗಬಾರದು. ಆಟ ಗೊತ್ತಿರುವವರು ಯಾರಿದ್ದಾರೆ? ಹನೂರಿಗೆ ಮದುವೆಯಾಗಿ ಹೋದ ಅಕ್ಕ. ಪಾಪ, ನನ್ನ ಕೈಲೇ ಸೋಲುತ್ತಿದ್ದವಳು ಇದರ ಮುಂದೆ ಎಷ್ಟು ಹೊತ್ತು ನಿಂತಾಳು ಎಂದುಕೊಂಡೇ ಬಸ್ಸು ಹತ್ತಿದೆ.

ಅಕ್ಕ ಕನ್ನಡಕ ಒರೆಸಿಕೊಂಡು ಲ್ಯಾಪ್‌ಟಾಪಿನ ಮುಂದೆ ಕೂತಳು. ಅವಳು ಗುಳಿ ತೋರಿಸುವುದು, ನಾನು ಒತ್ತುವುದು. ಮೊದಲ ಆಟ ಅಕ್ಕ ಗೆದ್ದಳು. ಪ್ರೋಗ್ರಾಮಿನಲ್ಲೇ ಏನೋ ತಪ್ಪಿದೆ ಎಂದು ಮತ್ತೆ ಶುರುಮಾಡಿದೆ. ಅದನ್ನೂ ಗೆದ್ದಳು.

"ನಿನ್ ಮಿಸಿನ್ನು ಆಸೆಬುರುಕ ಕಣ್ಲಾ ಮೂರ್ತಿ. ಸಿಕ್ಕುದ್ನೆಲ್ಲ ಬಾಚ್ಕಳಕ್ ಓಯ್ತದೆ, ತನ್ ಗುಳಿ ಬರಿದಾಗಾದ್ನ ನೋಡ್ಕಳಲ್ಲ" ಎಂದಳು.

ಸೆಮಿನಾರು ಮರೆತೇ ಹೋಯಿತು. ಅವಳ ಮನೆಯಲ್ಲಿದ್ದ ಮಣೆ ತೆಗೆಸಿ, ನನ್ನ ಜೊತೆ ಆಡು ಎಂದೆ. ಆಡಿದಳು; ಮೊದಲಿನ ಹಾಗೇ ಸೋತಳು. ಆದರೆ ಈ ಸಲ ನಾನು ಅವಳ ಕೈಯನ್ನೇ ನೋಡುತ್ತಿದ್ದೆ. ಗೆಲ್ಲುವ ಗುಳಿಯ ಮೇಲೆ ಬೆರಳಿಟ್ಟವಳು ಅದನ್ನು ಬಿಟ್ಟು ಪಕ್ಕದ ಬೀಜಗಳನ್ನು ಎತ್ತಿಕೊಂಡಿದ್ದಳು.

"ಬೇಕೂಂತ್ಲೇ ಸೋತೆ ಅಲ್ವೇನಕ್ಕ? ಆಗ್ಲೂ ಇಂಗೇ ಮಾಡ್ತಿದ್ಯಾ?"

ಅಕ್ಕ ಬೀಜಗಳನ್ನು ಗುಡ್ಡೆ ಮಾಡುತ್ತಾ ಕೂತಳು.

"ಲೆಕ್ಕ ನಿಂಗೂ ಬತ್ತಿತ್ತು, ನಂಗೂ ಬತ್ತಿತ್ತು. ಮನೇಲಿ ಸೀಮೆಣ್ಣೆ ಬುಡ್ಡಿ ಒಂದೇ ಇತ್ತಲ್ಲ. ಅದ್ನೀಗ ಯಾಕ್ ಕೆದಕ್ತೀಯೆ, ಬುಡು."

ಒಡಹುಟ್ಟಿದವಳಿಗೆ ಥ್ಯಾಂಕ್ಸ್ ಹೇಳುವ ಅಭ್ಯಾಸ ನಮ್ಮಲ್ಲಿಲ್ಲ. "ಇನ್ನೊಂದಾಟ ಆಡಕ್ಕ, ಬಿಟ್ಕೊಡ್ಬೇಡ" ಎಂದೆ.

ಬಿಟ್ಟುಕೊಡಲಿಲ್ಲ. ನೋಡನೋಡುತ್ತಿದ್ದಂತೆ ನನ್ನ ಕಡೆಯ ಗುಳಿಗಳೆಲ್ಲ ಬರಿದಾದವು. ಕಣ್ಣೀರು ತಡೆಯಲಾಗಲಿಲ್ಲ.

"ಥೂ, ಸೋತಿದ್ಕೆ ಅಳ್ತಾರೇನ್ಲಾ?" ಎಂದಳು ಅಕ್ಕ.