ಎಮ್ಮೆ, ಸೀತಾಫಲ ಮತ್ತು ಪರ್ಸೋಂ

೧.

ಈ ಕಥೆಯನ್ನು ಎಲ್ಲಿಂದ ಶುರು ಮಾಡುವುದು? ಬೆಲೆಯಿಂದ ಶುರು ಮಾಡಿದರೆ ಜಾಹೀರಾತು ಅನ್ನುತ್ತೀರಿ. ಬಡತನದಿಂದ ಶುರು ಮಾಡಿದರೆ ಪ್ರಶಸ್ತಿಗೆ ಬರೆದದ್ದು ಅನ್ನುತ್ತೀರಿ. ಮೊದಲ ಡ್ರಾಫ್ಟಿನಲ್ಲಿ ‘ಯಾಕೂತ್‌ಪುರದ ಗಲ್ಲಿಯಲ್ಲಿ ಸಂಜೆಯ ಅಜಾನ್ ಕೇಳಿಬರುತ್ತಿತ್ತು’ ಎಂದು ಬರೆದಿದ್ದೆ. ಹೈದರಾಬಾದಿನ ಮೇಲೆ ಬರೆದ ಕಥೆಗಳಲ್ಲೆಲ್ಲ ಅದು ಕೇಳಿಬರುತ್ತದೆ, ಹೊಡೆದು ಹಾಕಿದೆ. ಎರಡನೆಯ ಡ್ರಾಫ್ಟು ‘ದುಬಾರಿ ಲ್ಯಾಪ್‌ಟಾಪು ಕೊಟ್ಟ ದುಡ್ಡಿಗೆ ತಕ್ಕದ್ದೇ?’ ಎಂಬ ಪ್ರಶ್ನೆಯಿಂದ ಶುರುವಾಗಿತ್ತು. ಅದನ್ನು ಕೇಳಿ ತಹೂರಾ ನಕ್ಕಳು.

“ರೈಟರ್ ಸಾಬ್, ಇದು ಕಥಿನೋ, ಪಾಂಪ್ಲೆಟ್ಟೋ?”

ಹಾಗಾಗಿ ಅವಳಿಂದಲೇ ಶುರು ಮಾಡುತ್ತೇನೆ.

(ಒಂದು ಮಾತು. ನಾನು ಬೀದರದವನು, ಈ ಊರಿಗೆ ಬಂದು ಅರ್ಧ ಆಯುಷ್ಯ ಕಳೆಯಿತು. ಇಲ್ಲಿಯವರ ದಖ್ಖನಿ ನನ್ನ ಕಿವಿಗೆ ಬೀದರದ ಕನ್ನಡವಾಗಿಯೇ ಬೀಳುತ್ತದೆ, ಹಾಗೇ ಬರೆದುಕೊಂಡಿದ್ದೇನೆ. ತಕರಾರು ಇದ್ದವರು ನನ್ನ ಕಿವಿಯ ಡಾಕ್ಟರನ್ನು ಕಾಣಿ.)

೨.

ತಹೂರಾ ಮದುವೆ ವಿಡಿಯೊ ಎಡಿಟ್ ಮಾಡುವವಳು. ಅದೂ ಇಡೀ ಮದುವೆಯಲ್ಲ, ಹೆಂಗಸರ ಕಡೆಯದು ಮಾತ್ರ. ಪರದೆ ಪಾಲಿಸುವ ಮನೆಗಳಲ್ಲಿ ಜನಾನಾದ ವಿಡಿಯೊ ಹೆಂಗಸೇ ತೆಗೆಯಬೇಕು, ಹೆಂಗಸೇ ಎಡಿಟ್ ಮಾಡಬೇಕು, ಪೆನ್‌ಡ್ರೈವು ಹೆಂಗಸಿನ ಕೈಯಿಂದ ಹೆಂಗಸಿನ ಕೈಗೇ ಹೋಗಬೇಕು. ಮಾಂಜೆಯ ದಿನ ಮದುಮಗಳಿಗೆ ಅರಿಸಿನ ಹಚ್ಚಿ, ಗಂಡಸರಿಲ್ಲವೆಂಬ ಧೈರ್ಯದಲ್ಲಿ ಸೆರಗು ಬಿಗಿದು ಕುಣಿದವರನ್ನು ಯಾವ ಪರಗಂಡಸೂ ನೋಡಕೂಡದು. ತಹೂರಾ ಗಿರಾಕಿಗಳಿಗೆ ಕೊಡುವ ಮಾತು ಅದೊಂದೇ: “ಗಂಡಸಿನ ಕಣ್ಣು ಬೀಳಂಗಿಲ್ಲ.” ಅವಳ ಮನೆಯ ಮುಂದೆ ಬೋರ್ಡಿಲ್ಲ, ಆ ಮಾತೇ ಬೋರ್ಡು. ಅದು ಒಮ್ಮೆ ಮುರಿದರೆ ಯಾಕೂತ್‌ಪುರದಿಂದ ಟೋಲಿಚೌಕಿಯವರೆಗೆ ಒಂದೇ ಮಧ್ಯಾಹ್ನದಲ್ಲಿ ಸುದ್ದಿ. ಆಮೇಲೆ ಅವಳೂ ಅವಳ ಅಮ್ಮಿಯೂ ಉಪ್ಪಿನಕಾಯಿ ಹಾಕಿಕೊಂಡು ಕೂರಬೇಕು.

ಅವಳ ಲ್ಯಾಪ್‌ಟಾಪಿಗೆ ಅಮ್ಮಿ ಇಟ್ಟ ಹೆಸರು ಎಮ್ಮೆ. ಕಪ್ಪು, ದಪ್ಪ, ಕೆಲಸ ಹೇಳಿದರೆ ಭುಸ್ಸೆಂದು ಉಸಿರು ಬಿಡುತ್ತದೆ. ಒಂದು ಮದುವೆ ಮುಗಿಸುವಷ್ಟರಲ್ಲಿ ಅದರ ಬೆನ್ನ ಮೇಲೆ ರೊಟ್ಟಿ ಬಿಸಿ ಮಾಡಿಕೊಳ್ಳಬಹುದು. ಆದರೂ ಪಾಪದ ಎಮ್ಮೆ, ಹಾಲು ಕೊಡುತ್ತಿತ್ತು.

ತೊಂದರೆ ಶುರುವಾದದ್ದು ಬಂಜಾರಾ ಹಿಲ್ಸಿನ ದುರ್ದಾನಾ ಬೇಗಂ ತನ್ನ ಮಗಳ ಮದುವೆಯ ಕೆಲಸ ಒಪ್ಪಿಸಲು ಬಂದಾಗ. ಬೇಗಂ ಎಮ್ಮೆಯನ್ನು ನೋಡಿ ಮೂಗಿಗೆ ಕರವಸ್ತ್ರ ಹಿಡಿದಳು.

“ಇದರಾಗ ಮಾಡ್ತಿಯೇನು ನನ್ನ ಮಗಳ ಮದುವಿ?”

“ಕೆಲಸ ಒಳಗ ನಡೀತದ, ಬೇಗಂ ಸಾಹಿಬಾ.”

“ಒಳಗಿಂದು ಕಟ್ಕೊಂಡು ನನಗೇನು? ಬಂದ ನಾಲ್ಕು ಮಂದಿಗೆ ಕಾಣೋದು ಮುಚ್ಚಳ. ಛಲೋದು ತಗೋ, ಇಲ್ಲಾಂದ್ರ ನಾ ಬ್ಯಾರೆಯಾಕೀನ ನೋಡ್ತೀನಿ.”

೩.

ಸಿಕಂದರಾಬಾದಿನ ಕಂಪ್ಯೂಟರ್ ಬಜಾರಿನಲ್ಲಿ ಯಾದಗಿರಿ ಎಂಬವನ ಅಂಗಡಿ. ಎಮ್ಮೆಗೆ ರೋಗ ಬಂದಾಗಲೆಲ್ಲ ತಹೂರಾ ಬರುವುದು ಅಲ್ಲಿಗೇ. ಅವನು ಎರಡು ಲ್ಯಾಪ್‌ಟಾಪು ಪಕ್ಕಪಕ್ಕ ಇಟ್ಟ. ಒಂದು ಮಾಮೂಲಿಯದು. ಇನ್ನೊಂದಕ್ಕೆ ಅದರ ಮೂರು ಪಟ್ಟು ಬೆಲೆ, ಮುಚ್ಚಳದ ಮೇಲೆ ಬೆಳ್ಳಿಯ ಸೀತಾಫಲದ ಗುರುತು. (ಅಂಥ ಕಂಪನಿ ಜಗತ್ತಿನಲ್ಲಿ ಎಲ್ಲೂ ಇಲ್ಲ. ಈ ಕಥೆಗೋಸ್ಕರ ನಾನೇ ಸ್ಥಾಪಿಸಿದ್ದು, ಬಂಡವಾಳ ಒಂದು ವಾಕ್ಯ.)

“ನೋಡಮ್ಮಾ,” ಅಂದ ಯಾದಗಿರಿ. “ಇದು ಮನಿ ಬಿರಿಯಾನಿ, ಹೊಟ್ಟಿ ತುಂಬ್ತದ. ಅದು ದೊಡ್ಡ ಹೋಟೆಲಿನ ಬಿರಿಯಾನಿ. ಹೊಟ್ಟಿ ಅಷ್ಟೇ ತುಂಬ್ತದ, ಫೋಟೋ ಛಲೋ ಬರ್ತದ.”

“ಕೆಲಸದಾಗ ಏನೂ ಫರಕಿಲ್ಲೇನು?”

“ಅರ್ಜಿ ಟೈಪ್ ಮಾಡಾಕಿ ಆಗಿದ್ರ ಇಲ್ಲ. ವಿಡಿಯೊದಾಕಿ ನೀನು, ನಿನಗ ಫರಕದ. ಅರ್ಧ ರೊಕ್ಕ ಮಾಲಿಗೆ, ಅರ್ಧ ಮುಚ್ಚಳಕ್ಕ. ಯಾವ ಅರ್ಧ ಎಲ್ಲಿ ಮುಗೀತದ ಅಂತ ಕೇಳಬ್ಯಾಡ, ಮಾಡಿದವಂಗೂ ಗೊತ್ತಿಲ್ಲ. ಬ್ಯಾಡಂದ್ರ ಸೆಕೆಂಡ್ ಹ್ಯಾಂಡ್ ಸೀತಾಫಲ ಒಂದದ. ಮಾಲಕ ಪರ್ಸೋಂ ತಗೊಂಡಿದ್ದು, ಹೊಸಾದೇ.”

ತಹೂರಾ ಕಣ್ಣು ಕಿರಿದು ಮಾಡಿದಳು. ಈ ಊರಲ್ಲಿ ಪರ್ಸೋಂ ಅಂದರೆ ಮೊನ್ನೆ. ಆದರೆ ಆ ಮೊನ್ನೆಯ ಹೊಟ್ಟೆಯೊಳಗೆ ಹೋದ ತಿಂಗಳೂ ಹಿಡಿಸುತ್ತದೆ, ನಿಜಾಮರ ಕಾಲವೂ ಹಿಡಿಸುತ್ತದೆ. ಸಾಲದ್ದಕ್ಕೆ ನಾಳಿದ್ದು ಅನ್ನುವುದಕ್ಕೂ ಅದೇ ಪದ. ಅವಳು ಲ್ಯಾಪ್‌ಟಾಪಿನ ಬ್ಯಾಟರಿಯನ್ನು ವಿಚಾರಿಸಿದಳು. ಅದರ ಲೆಕ್ಕದಲ್ಲಿ ಆ ಪರ್ಸೋಂ ಕಳೆದು ನಾಲ್ಕು ವರ್ಷವಾಗಿತ್ತು.

ಇಲ್ಲಿ ಅವಳು ಅಗ್ಗದ್ದನ್ನೇ ಕೊಂಡು ಮೇಲೊಂದು ಸೀತಾಫಲದ ಸ್ಟಿಕರ್ ಅಂಟಿಸಿದಳು ಎಂದು ಬರೆದಿದ್ದೆ. ನಗುವಿತ್ತು, ನೀತಿಯೂ ಇತ್ತು. ತಹೂರಾ ಒಪ್ಪಲಿಲ್ಲ.

“ಯಾಕ್ರಿ, ನಾ ಛಲೋದು ತಗೋಬಾರದೇನು? ನಿಮ್ಮ ಕಥ್ಯಾಗ ಇಲ್ಲದವರು ಯಾವಾಗ್ಲೂ ಸ್ಟಿಕರ್ ಹಚ್ಕೋಬೇಕು, ಓದೋರು ‘ಅಯ್ಯೋ ಪಾಪ’ ಅನ್ಬೇಕು! ನಾ ಖರೇ ಸೀತಾಫಲನೇ ತಗೋತೀನಿ. ಹೊಸಾದು. ಬರೀರಿ.”

ಬರೆದೆ. ಕಂತಿನ ಮೇಲೆ ಕೊಂಡಳು.

೪.

(ಇಲ್ಲೊಂದು ಪ್ಯಾರಾ ಇತ್ತು. ಈ ಕಥೆಯಲ್ಲಿ ನಾನು ಬರೆದದ್ದರಲ್ಲೆಲ್ಲ ಅದೇ ಚೆನ್ನಾಗಿತ್ತು. ಈಗ ಯಾಕಿಲ್ಲ ಎಂಬುದನ್ನು ಮುಂದೆ ಹೇಳುತ್ತೇನೆ. ಸದ್ಯಕ್ಕೆ ಇಷ್ಟು ಸಾಕು: ದುರ್ದಾನಾ ಬೇಗಂ ಮಗಳ ಮಾಂಜೆಯ ದಿನ ಬೇಗಮಳ ತಾಯಿ, ಮನೆಯವರೆಲ್ಲ ನಾನಿಮಾ ಎಂದು ಕರೆಯುವ, ಯಾರೂ ನಕ್ಕದ್ದು ಕಾಣದ ಮುದುಕಿ, ಢೋಲಕಿನ ತಾಳಕ್ಕೆ ಎದ್ದು ಕುಣಿದಳು. ತಹೂರಾಳ ಕ್ಯಾಮೆರಾ ಅದನ್ನು ಹಿಡಿಯಿತು.)

೫.

ನ್ಯಾಯವಾಗಿ ಹೇಳಬೇಕೆಂದರೆ ಸೀತಾಫಲ ಒಳ್ಳೆಯ ಯಂತ್ರ. ಎಮ್ಮೆ ದಿನವಿಡೀ ಮೆಲುಕು ಹಾಕುತ್ತಿದ್ದ ಕೆಲಸವನ್ನು ಅದು ಅನ್ನ ಬೇಯುವಷ್ಟರಲ್ಲಿ ಸದ್ದಿಲ್ಲದೆ ಮುಗಿಸಿತು. ಅರಿಸಿನದ ಹಳದಿ ಬೇರೆ, ಜರಿಯ ಹಳದಿ ಬೇರೆ ಎಂದು ಅದರ ಪರದೆಯ ಮೇಲೆ ಕಂಡಿತು. ಎಮ್ಮೆಯ ಪಾಲಿಗೆ ಎರಡೂ ಬೇಳೆಸಾರು. ತಹೂರಾಳ ಕಣ್ಣುರಿ ನಿಂತಿತು. ಅಗ್ಗದ್ದನ್ನು ಹೊಗಳಿ ಕಥೆ ಬರೆಯೋಣವೆಂದು ಕೂತಿದ್ದ ನನಗೆ ಹೊಟ್ಟೆಯುರಿ ಹತ್ತಿತು, ಯಾಕೆಂದರೆ ನಾನು ಇದನ್ನು ಬರೆಯುತ್ತಿರುವ ಲ್ಯಾಪ್‌ಟಾಪು ಎಮ್ಮೆಯ ತಂಗಿ.

ಆದ್ದರಿಂದ ಚಹಾ ಚೆಲ್ಲಿತು.

“ಚೆಲ್ಲಿತು ಅಂತ ಬ್ಯಾರೆ!” ತಹೂರಾ ಕೂಗಿದಳು. “ಚೆಲ್ಲಿದೋರು ನೀವು! ನನ್ನ ಕೈ ಆ ಕಡೆ ಇರಲೇ ಇಲ್ಲ!”

ಹೌದು, ನಾನೇ. ಕಥೆಯಲ್ಲಿ ಏನಾದರೂ ಆಗಬೇಕಲ್ಲ. ಒಂದು ಕಪ್ ಇರಾನಿ ಚಹಾ, ಕೆನೆಸಮೇತ, ಕೀಲಿಗಳ ಸಂದಿಗೆ ಇಳಿಯಿತು. ಸೀತಾಫಲ ಒಮ್ಮೆ ಮಿನುಗಿ ಕಪ್ಪಾಯಿತು. ಮಾಂಜೆಯ ವಿಡಿಯೊ ಇದ್ದದ್ದು ಅದರೊಳಗೇ. ಕ್ಯಾಮೆರಾದ ಕಾರ್ಡನ್ನು ಮುಂದಿನ ಮದುವೆಗೆಂದು ಅಳಿಸಿಯಾಗಿತ್ತು. ಎಮ್ಮೆಯಲ್ಲೊಂದು ನಕಲು ಹಾಕಿಡಬೇಕಿತ್ತು, ಪರ್ಸೋಂ ಹಾಕಿದರಾಯಿತು ಅಂದುಕೊಂಡಿದ್ದಳು. (ಮೂಗು ಮುರಿಯುತ್ತಿರುವ ಓದುಗರೇ, ನಿಮ್ಮ ನಕಲು ಎಲ್ಲಿದೆ?)

೬.

ಸರ್ವಿಸ್ ಸೆಂಟರಿನಲ್ಲಿ ಗಾಜಿನ ಬಾಗಿಲು, ಎಸಿ, ಟೈ ಕಟ್ಟಿದ ಇಂಜಿನಿಯರು. ಎಮ್ಮೆ ಕೆಟ್ಟಾಗ ತಹೂರಾ ಏನು ಮಾಡುತ್ತಿದ್ದಳೆಂದರೆ, ಮನೆಯಲ್ಲೇ ತಳದ ಸ್ಕ್ರೂ ಬಿಚ್ಚಿ, ವಿಡಿಯೊಗಳಿರುವ ಡಿಸ್ಕನ್ನು ತೆಗೆದು ಪರ್ಸಿಗೆ ಹಾಕಿಕೊಂಡು, ಬರಿಯ ಡಬ್ಬಿಯನ್ನು ಯಾದಗಿರಿಗೆ ಕೊಡುತ್ತಿದ್ದಳು. ಇಲ್ಲಿಯೂ ಅದನ್ನೇ ಕೇಳಿದಳು.

“ಡಿಸ್ಕ್ ತೆಗೆದು ನನ್ನ ಕೈಯಾಗ ಕೊಡ್ರಿ. ಉಳಿದದ್ದು ನೀವು ಇಟ್ಕೊಳ್ರಿ.”

“ಇದರಾಗ ಡಿಸ್ಕ್ ಬ್ಯಾರೆ ಇರಂಗಿಲ್ಲ ಮೇಡಂ. ಬೋರ್ಡಿಗೇ ಬೆಸುಗಿ ಹಾಕ್ಯಾರ. ಅದಕ್ಕೇ ಇಷ್ಟು ತೆಳ್ಳಗದ.”

“ಮತ್ತ ರಿಪೇರಿ ಆದ ಮ್ಯಾಲೆ?”

“ಚಾಲೂ ಮಾಡಿ, ವಿಡಿಯೊ ಗಿಡಿಯೊ ಓಡಿಸಿ ನೋಡ್ತೀವಿ. ಪಾಸ್‌ವರ್ಡ್ ಬರೆದು ಕೊಡ್ರಿ.”

“ನೋಡೋರು ಯಾರು? ಹೆಂಗಸರು ಅದಾರೇನು?”

“ಅದಾರಲ್ಲ, ರಿಸೆಪ್ಷನ್‌ನಾಗ.”

ತಹೂರಾ ಲ್ಯಾಪ್‌ಟಾಪನ್ನು ಬುರ್ಖಾದೊಳಗೆ ಅವುಚಿಕೊಂಡು ಹೊರಬಂದಳು. ಯಾರಾದರೂ ತೆರೆದರೆ ಅವಳ ಮಾತು ಹೋಯಿತು, ತೆರೆಯದಿದ್ದರೆ ನಾನಿಮಾಳ ಕುಣಿತ ಹೋಯಿತು. ಆಟೋದಲ್ಲಿ ಅತ್ತಳು. ಚಹಾ ನಾನು ಚೆಲ್ಲಿದೆ, ನಿಜ. ಅಳು ನಾನು ಬರೆಸಿದ್ದಲ್ಲ. ಅದು ಅವಳದೇ, ಅದನ್ನು ನೋಡಿ ನನಗೆ ನಾಚಿಕೆಯಾಯಿತು.

೭.

ನಾಚಿಕೆಯಾದ ಲೇಖಕ ತಕ್ಷಣ ಮುಕ್ತಾಯ ಹುಡುಕುತ್ತಾನೆ.

ಮುಕ್ತಾಯ ಒಂದು: ಮಲಕ್‌ಪೇಟೆಯಲ್ಲಿ ಶ್ರಾವಣಿ ಎಂಬ ಹೆಣ್ಣು ಇಂಜಿನಿಯರು ಸಿಗುತ್ತಾಳೆ, ಲ್ಯಾಪ್‌ಟಾಪನ್ನು ಸರಿ ಮಾಡುತ್ತಾಳೆ. ತಹೂರಾ ಕೇಳಿದಳು: “ಪಾಪ, ಆಕಿನ್ನ ಇಲ್ಲೀತನಾ ಎಲ್ಲಿ ಕೂಡಿಸಿದ್ರಿ? ನೀರರ ಕೊಟ್ರೋ ಇಲ್ಲೋ?” ಶ್ರಾವಣಿಯನ್ನು ವಾಪಸು ಕಳಿಸಿದೆ.

ಮುಕ್ತಾಯ ಎರಡು: ಸತ್ತ ಸೀತಾಫಲವನ್ನು ಮೇಜಿನ ಮೇಲೆ ಮುಚ್ಚಳ ಕಾಣುವಂತೆ ತೆರೆದಿಟ್ಟು, ಪರದೆಯ ಹಿಂದೆ ಎಮ್ಮೆಯ ಮೇಲೆ ಕೆಲಸ ಮಾಡುತ್ತಾಳೆ. ಗಿರಾಕಿಗಳು ಮುಚ್ಚಳ ನೋಡಿ ಎರಡು ಪಟ್ಟು ಕೊಡುತ್ತಾರೆ. ಇದು ತಹೂರಾಳಿಗೆ ಹಿಡಿಸಿತು. ಕಥೆಯ ಅಪ್ಪಣೆಗೆ ಕಾಯದೆ ಅದೇ ವಾರ ಹಾಗೇ ಮಾಡಿಬಿಟ್ಟಳು, ಮೂರು ಮದುವೆ ಹಿಡಿದಳು ಕೂಡ. ದುಬಾರಿ ಲ್ಯಾಪ್‌ಟಾಪು ಸತ್ತ ಮೇಲೂ ದುಡಿಯುತ್ತದೆ, ಅಗ್ಗದ್ದು ದುಡಿದೂ ದುಡಿದೂ ಸಾಯುತ್ತದೆ ಎಂದು ಬರೆದು ಪೂರ್ಣವಿರಾಮ ಹಾಕಿದೆ.

ಅಷ್ಟರಲ್ಲಿ ಬಾಗಿಲಲ್ಲಿ ಕಾರು ನಿಂತಿತು. ಇಳಿದವಳು ನಾನಿಮಾ, ಕೋಲು ಊರಿಕೊಂಡು, ಬಾಯಲ್ಲಿ ಪಾನು.

“ನನ್ನ ಕುಣಿತ ಹೋತಂತ?”

“ಹೋಗಿಲ್ಲ ನಾನಿಮಾ, ಒಳಗದ. ತೆರೀಲಿಕ್ಕೆ ಗಂಡಸು ಬೇಕಂತಾರ.”

“ಮತ್ತ ತೆರಸು! ಈ ವಯಸ್ಸಿನಾಗ ನನ್ನ ಸೊಂಟ ನೋಡಿ ಅವಂಗೇನು ಸಿಗ್ತದ, ಸೊಂಟನೋವು?”

“ನೀವೊಬ್ರೇ ಅಲ್ಲಲ್ಲ. ನಿಮ್ಮ ಸೊಸೆಂದಿರು ಅದಾರ, ಓಣಿಯವರು ಅದಾರ. ಯಾರ ತಲಿ ಮ್ಯಾಲೂ ದುಪಟ್ಟಾ ಇಲ್ಲ. ಅವರೆಲ್ಲ ನನ್ನ ಮಾತು ನಂಬಿ ಕುಣಿದಾರ.”

ನಾನಿಮಾ ಕೋಲನ್ನು ಗೋಡೆಗೆ ಒರಗಿಸಿ ಕೂತಳು.

“ನಾ ಇನ್ನ ಕುಣಿಯಂಗಿಲ್ಲ, ಬೇಟಿ. ಮೊಣಕಾಲು ಆ ದಿನಕ್ಕೇ ಮುಗದ್ವು. ಸಣ್ಣಾಕಿ ಇದ್ದಾಗಿಂದ ಆಸೆ ಇತ್ತು, ಹ್ಯಾಂಗ ಕಂಡೆ ಅಂತ ನಾನೇ ನೋಡಿಲ್ಲ. ಒಮ್ಮೆ ನೋಡ್ಬೇಕು.”

ನಾನು ಹಾಕಿದ್ದ ಪೂರ್ಣವಿರಾಮವನ್ನು ಮೆಲ್ಲಗೆ ತೆಗೆದೆ.

೮.

ಆಗ ನನಗೊಂದು ಉಪಾಯ ಹೊಳೆಯಿತು. ಲ್ಯಾಪ್‌ಟಾಪು ತೆರೆಯದಿದ್ದರೇನು, ಕುಣಿತ ನನ್ನ ನಾಲ್ಕನೆಯ ಭಾಗದ ಪ್ಯಾರಾದಲ್ಲಿ ಇದೆಯಲ್ಲ! ಕಾಲಿನ ಹೆಜ್ಜೆಯಿಂದ ಕಣ್ಣಿನ ಹೊಳಪಿನವರೆಗೆ ಎಲ್ಲ ಬರೆದಿದ್ದೆ. ಅದನ್ನೇ ನಾನಿಮಾಳಿಗೆ ಓದಿ ಹೇಳು ಎಂದು ಮೊದಲು ತಹೂರಾಳಿಗೆ ಓದಿದೆ, ಹೆಮ್ಮೆಯಿಂದ, ಸ್ವಲ್ಪ ರಾಗ ಹಾಕಿಯೇ.

ಅವಳು ಕೊನೆಯವರೆಗೂ ಕೇಳಿದಳು. ನಗಲಿಲ್ಲ.

“ಇದು ನೀವು ಎಲ್ಲಿ ನೋಡಿದ್ರಿ?”

“ನೋಡಿಲ್ಲ, ಕಲ್ಪನೆ.”

“ಆ ಎಡಗೈ ಖರೇನೇ ಹಂಗ...” ಅಂದವಳು ಮಾತು ನುಂಗಿದಳು. “ರೈಟರ್ ಸಾಬ್, ನೀವು ಗಂಡಸರಲ್ಲೇನು?”

ಇಷ್ಟು ಹೊತ್ತು ಅದು ನನ್ನ ತಲೆಗೇ ಬಂದಿರಲಿಲ್ಲ. ಲೇಖಕನಿಗೆ ಎಲ್ಲ ಮನೆಯ ಒಳಕೋಣೆಗೂ ಪರವಾನಗಿ ಇದೆಯೆಂದು ತಿಳಿದಿದ್ದೆ. ಟೈ ಕಟ್ಟಿದ ಆ ಇಂಜಿನಿಯರು ಪಾಸ್‌ವರ್ಡನ್ನಾದರೂ ಕೇಳಿದ. ನಾನು ಅದನ್ನೂ ಕೇಳಿರಲಿಲ್ಲ.

“ಅಳಸ್ರಿ.”

“ತಹೂರಾ, ಈ ಕಥೆಯ ಜೀವವೇ ಅದು.”

“ಆಟೋದಾಗ ನಾ ಮತ್ಯಾತಕ್ಕ ಅತ್ತೆ ಅಂತ ತಿಳಿದೀರಿ? ಅಳಸ್ರಿ.”

ಅಳಿಸಿದೆ. ನನ್ನ ಎಮ್ಮೆಯ ತಂಗಿ ಭುಸ್ಸೆಂದು ಉಸಿರು ಬಿಟ್ಟು ಆ ಪ್ಯಾರಾವನ್ನು ನುಂಗಿತು. ನಕಲು ಇಟ್ಟುಕೊಂಡಿಲ್ಲ, ಆಣೆ.

೯.

ಇದಾದ ಕೆಲವು ದಿನಕ್ಕೆ ಯಾಕೂತ್‌ಪುರಕ್ಕೆ ಹೋದೆ. ನಾನಿಮಾಳ ಕಾರು ಗಲ್ಲಿಯ ಬಾಯಲ್ಲೇ ನಿಂತಿತ್ತು. ತಹೂರಾ ಬಾಗಿಲ ಪರದೆಯನ್ನು ಅರ್ಧ ಸರಿಸಿ ಹೊರಬಂದಳು. ಸೀತಾಫಲ ಮೇಜಿನ ಮೇಲಿರಲಿಲ್ಲ.

“ಲ್ಯಾಪ್‌ಟಾಪು ತೆರೆಸೋದು ಯಾವಾಗ?” ಅಂದೆ.

ನಕಾಬಿನ ಮೇಲಿನ ಕಣ್ಣು ಎರಡೂ ನಕ್ಕವು.

“ಪರ್ಸೋಂ.”

“ಯಾವ ಪರ್ಸೋಂ? ಹೋದದ್ದೋ, ಬರೋದೋ? ತೆರೆದವರು ಯಾರು? ಓದೋರಿಗೆ ಏನಂತ ಹೇಳ್ಲಿ?”

ಅವಳು ಪರದೆ ಎಳೆದುಕೊಂಡಳು. ಒಳಗಿನಿಂದ ಢೋಲಕಿನ ಸದ್ದು ಬಂತು. ಅದರ ಮೇಲೆ ಒಬ್ಬ ಮುದುಕಿಯ ನಗು. ಯಾವ ಮುದುಕಿಯದೆಂದು ನಾನು ಹೇಳಲಾರೆ, ನಾನಿಮಾಳ ನಗುವನ್ನು ನಾನಂತೂ ಮೊದಲು ಕೇಳಿದವನಲ್ಲ.

ಓದುತ್ತಿರುವವರಲ್ಲಿ ಹೆಂಗಸರಿದ್ದರೆ ಒಳಗೆ ಹೋಗಿ, ಅವಳು ತಡೆಯುವುದಿಲ್ಲ. ನೋಡಿ ಬಂದು ನನಗೆ ಏನೂ ಹೇಳಬೇಡಿ. ಗಂಡಸರು ಇಲ್ಲೇ ಕಟ್ಟೆಯ ಮೇಲೆ ನನ್ನ ಜೊತೆ ಕೂತಿರಿ. ಚಹಾ ತರಿಸುತ್ತೇನೆ.