ಮಗಳ ಕೋಣೆಯ ಚಿಲಕ

ಬಾಗಿಲು ಮಾಡುವುದು ಅವನ ಕಸುಬು. ಆದರೆ ಅವನ ಮನೆಯಲ್ಲಿ ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕವೂ ಉಳಿದಿರಲಿಲ್ಲ. ಹದಿನಾರರ ಮಗಳು ಮಾತ್ರೆ ನುಂಗಿ ಬಚ್ಚಲುಮನೆಯಲ್ಲಿ ಬಿದ್ದ ದಿನ ಬಾಗಿಲು ಒಡೆಯಬೇಕಾಯಿತು. ಅವನೇ ಮಾಡಿದ ಬಾಗಿಲು. ಒಡೆಯಲು ಹೊತ್ತು ಹಿಡಿಯಿತು. ಆಸ್ಪತ್ರೆಯಿಂದ ಮನೆಗೆ ಬಂದವನೇ ಎಲ್ಲ ಚಿಲಕಗಳನ್ನೂ ಬಿಚ್ಚಿದ. ಅಂದಿನಿಂದ ಬಚ್ಚಲಿನ ಹಿಡಿಕೆಗೆ ಟವೆಲ್ ನೇತುಹಾಕಿದ್ದರೆ ಒಳಗೆ ಯಾರೋ ಇದ್ದಾರೆ ಎಂದರ್ಥ. ಅಜ್ಜಿ ಮಾತ್ರ ಟವೆಲ್ ಮರೆತು ಒಳಗಿನಿಂದ ಜೋರಾಗಿ ಕೆಮ್ಮುತ್ತಿದ್ದಳು.

ಮಗಳು ಚಿಕಿತ್ಸಾ ಕೇಂದ್ರದಿಂದ ಬಂದು ಕೆಲವು ವಾರಗಳಾಗಿದ್ದವು. ಬರೀ ಮಾತ್ರೆಯ ಚಟವಲ್ಲ, ಬಾರ್ಡರ್‌ಲೈನ್ ಎಂಬ ಮನಸ್ಸಿನ ಕಾಯಿಲೆಯೂ ಇದೆ ಎಂದು ಅಲ್ಲಿನ ವೈದ್ಯರು ಹೇಳಿದ್ದರು. ಹೆಸರು ತಿಳಿದದ್ದರಿಂದ ಒಂದು ಲಾಭವಾಗಿತ್ತು. ಬೆಳಿಗ್ಗೆ "ನೀನೊಬ್ನೇ ನನ್ನೋನು" ಎಂದವಳು ಮಧ್ಯಾಹ್ನ "ನೀನು ನನ್ನಪ್ಪಾನೇ ಅಲ್ಲ" ಎಂದರೆ, ಎರಡನ್ನೂ ಪೂರ್ತಿ ನಂಬದಿರಲು ಅವನು ಕಲಿತಿದ್ದ. ಮೊದಲನೆಯದನ್ನು ನಂಬದಿರುವುದೇ ಹೆಚ್ಚು ಕಷ್ಟ.

ಈಗ ಅವಳು ಚಿಲಕ ಕೇಳಿದ್ದಳು.

"ಮಾತ್ರೆ ಮುಟ್ಟಿಲ್ಲ. ಹೇಳ್ದಾಗೆಲ್ಲ ಟೆಸ್ಟ್ ಕೊಟ್ಟಿದೀನಿ. ನನ್ ರೂಮಿಗೆ ಒಂದು ಚಿಲಕ ಹಾಕ್ಕೊಡಿ, ಸಾಕು."

ತಾಯಿ ಸುತರಾಂ ಒಪ್ಪಲಿಲ್ಲ. ಕೇಂದ್ರದ ಸಮಾಲೋಚಕಿ ಮಾತ್ರ, "ಕೊಡಬಹುದು. ಆದರೆ ಏನು ಕೊಡ್ತಿದೀರಿ ಅನ್ನೋದು ಅವಳಿಗೆ ಗೊತ್ತಿರಲಿ" ಎಂದರು. ಅವನು ಆ ಮಾತಿನ ಮೊದಲರ್ಧವನ್ನಷ್ಟೇ ಮನೆಗೆ ತಂದ.

ರಜೆಯ ದಿನ ಕೂತು ಚಿಲಕ ಹಾಕಿದ. ನೋಡಲು ಒಳ್ಳೆಯ ಹಿತ್ತಾಳೆಯ ಚಿಲಕ. ಸ್ಕ್ರೂಗಳು ಮಾತ್ರ ಉಗುರಿನಷ್ಟೂ ಉದ್ದವಿರಲಿಲ್ಲ. ಭುಜ ಕೊಟ್ಟು ಒಮ್ಮೆ ತಳ್ಳಿದರೆ ಕಿತ್ತು ಬರುತ್ತಿದ್ದವು. ಇದನ್ನು ಹೆಂಡತಿಯ ಕಿವಿಯಲ್ಲಿ ಹೇಳಿದ್ದಕ್ಕೇ ಅವಳು ಒಪ್ಪಿದ್ದಳು.

ಆದರೆ ಮಿಕ್ಕ ಸ್ಕ್ರೂಗಳನ್ನು ಕಿಟಕಿಯ ಕಟ್ಟೆಯ ಮೇಲೆ ಬಿಟ್ಟಿದ್ದ. ಚಿಕ್ಕವಳಿದ್ದಾಗ ಮಗಳು ಅವನ ಕಾರ್ಖಾನೆಯಲ್ಲಿ ಕೂತು ಸ್ಕ್ರೂಗಳನ್ನು ಉದ್ದ ನೋಡಿ ಡಬ್ಬಿಗಳಿಗೆ ಹಾಕುತ್ತಿದ್ದವಳು. ಒಂದನ್ನು ಎತ್ತಿಕೊಂಡಳು.

"ಇದು ಫೋಟೋ ಫ್ರೇಮಿಗೆ ಹಾಕೋದಲ್ವಾ?"

ಬೇರೆಯದು ಖಾಲಿಯಾಗಿತ್ತು ಎನ್ನಬಹುದಿತ್ತು. ಬಾಯಿಗೆ ಬಂದೂ ಇತ್ತು.

"ಹೌದು," ಎಂದ. "ಬೇಕಂತ್ಲೇ ಹಾಕ್ದೆ. ತಳ್ಳಿದ್ರೆ ಬಂದ್ಬಿಡುತ್ತೆ. ನಂಗೆ ಭಯ ಕಣೇ."

"ನಾಟಕದ ಚಿಲಕ!" ಅವಳ ದನಿ ಏರಿತು. "ಕೂಸಿನ ಬಾಯಿಗೆ ರಬ್ಬರ್ ನಿಪ್ಪಲ್ ಇಟ್ಟ ಹಾಗೆ! ಅವತ್ತೇ ಸತ್ತೋಗಿದ್ರೆ ನಿಮಗೂ ನೆಮ್ಮದಿ ಇರ್ತಿತ್ತು, ಅಲ್ವಾ?"

ಅವಳು ಬಾಚಿ ಎಸೆದ ಸ್ಕ್ರೂಗಳು ಗೋಡೆಗೆ ಬಡಿದು ಚೆಲ್ಲಾಪಿಲ್ಲಿಯಾದವು. "ಏನೇ ಅದು ಬಿದ್ದಿದ್ದು?" ಎಂದು ಅಜ್ಜಿ ಆಚೆಯಿಂದ ಕೇಳಿದಳು.

ಮಗಳು ಚಪ್ಪಲಿ ಮೆಟ್ಟಿಕೊಂಡು ಹೊರಬಾಗಿಲಿಗೆ ಹೋದಳು. ಮಾತ್ರೆ ಮಾರುವವನು ಈಗಲೂ ಬಸ್ ನಿಲ್ದಾಣದ ಹಿಂದೆಯೇ ನಿಲ್ಲುತ್ತಾನೆಂದು ಮನೆಯವರಿಗೆಲ್ಲ ಗೊತ್ತಿತ್ತು. ತಡೆಯಲು ಹೊರಟ ಹೆಂಡತಿಯ ಕೈಯನ್ನು ಅವನು ಹಿಡಿದುಕೊಂಡ. ಹಿಡಿದದ್ದು ಸರಿಯೋ ತಪ್ಪೋ ಅವನಿಗೆ ತಿಳಿಯಲಿಲ್ಲ.

ಹೊರಬಾಗಿಲು ತೆರೆದ ಸದ್ದಾಗಲಿಲ್ಲ. ಅವಳು ವಾಪಸು ಬಂದು, ಇಬ್ಬರ ಮುಖವನ್ನೂ ನೋಡದೆ, ಬಚ್ಚಲಿನ ಹಿಡಿಕೆಗೆ ಟವೆಲ್ ಹಾಕಿ ಒಳಗೆ ಹೋದಳು. ನಲ್ಲಿ ತಿರುಗಿಸಿದ ಸದ್ದು. ತಲೆ ಕುದಿಯುವಾಗ ಮುಖವನ್ನು ತಣ್ಣೀರಿಗೆ ಒಡ್ಡಬೇಕೆಂದು ಕೇಂದ್ರದಲ್ಲಿ ಕಲಿಸಿದ್ದರು. ಇಬ್ಬರೂ ನೀರಿನ ಸದ್ದಿಗೆ ಕಿವಿಗೊಟ್ಟು ನಿಂತರು.

ಅವಳು ಹೊರಬಂದಾಗ ಕೂದಲಿನಿಂದ ನೀರು ತೊಟ್ಟಿಕ್ಕುತ್ತಿತ್ತು.

"ಅದೇ ಸ್ಕ್ರೂ ಇರ್ಲಿ. ಆದ್ರೆ ಮೊದ್ಲು ಬಾಗ್ಲು ತಟ್ಟಬೇಕು."

"ತಟ್ತೀನಿ."

"ಅಮ್ಮಾನೂ."

"ನೀನು ಮಾತಾಡ್ಲಿಲ್ಲ ಅಂದ್ರೆ?" ಎಂದಳು ತಾಯಿ.

ಮಗಳು ಚಿಲಕವನ್ನೇ ನೋಡುತ್ತ ನಿಂತಳು.

"ಆಗ ತಳ್ಳಿ," ಎಂದು ಕೋಣೆಯೊಳಗೆ ಹೋದಳು.

ಚಿಲಕ ಮೊದಲು ಸಿಕ್ಕಿಕೊಂಡಿತು, ಆಮೇಲೆ ಸರಿದು ಕೂತಿತು. ಆಮೇಲೆ ಒಳಗೆ ಏನೂ ಸದ್ದಿಲ್ಲ. ತಟ್ಟು ಎಂದು ಹೆಂಡತಿ ಕಣ್ಣಲ್ಲೇ ಹೇಳಿದಳು. ಅವನು ಬೇಡವೆಂದು ತಲೆಯಾಡಿಸಿದ. ಭುಜ ಮಾತ್ರ ಆಗಲೇ ಬಾಗಿಲ ಕಡೆ ತಿರುಗಿತ್ತು.

"ಇಬ್ರೂ ಇನ್ನೂ ಅಲ್ಲೇ ನಿಂತಿದೀರಾ?" ಒಳಗಿನಿಂದ ದನಿ ಬಂತು.

"ಇಲ್ಲ," ಎಂದಳು ತಾಯಿ.