ಒಳಗೆ ಬರುವ ಮುನ್ನ

ನಮ್ಮ ಭಿಂಡ್ ಜಿಲ್ಲೆಯ ಕಡೆ ಹೊಲಕ್ಕಿಂತ ಬಂದೂಕಿನ ಲೈಸೆನ್ಸಿಗೇ ಮರ್ಯಾದೆ ಹೆಚ್ಚು. ಗಂಡ ಸತ್ತ ಮೇಲೆ ರಾಮಬೇಟಿ ಅವನ ಬಂದೂಕಿನ ಲೈಸೆನ್ಸನ್ನು ತನ್ನ ಹೆಸರಿಗೆ ಮಾಡಿಸಿಕೊಂಡಳು. ಎಷ್ಟು ಅರ್ಜಿ ಹಾಕಿದರೂ ಲೈಸೆನ್ಸ್ ಸಿಗದ, ಊರ ವರಸೆಯಲ್ಲಿ ಅವಳಿಗೆ ಮೈದುನನಾಗುವ ಪಕ್ಕದ ಮನೆಯ ಹಾಕಿಮ್ ಸಿಂಗನಿಗೆ ಹೊಟ್ಟೆ ಉರಿಯಿತು. ಅವಳ ಮನೆಯಲ್ಲಿ ಕಳ್ಳ ಪಿಸ್ತೂಲೂ ಇದೆಯೆಂದು ಠಾಣೆಗೆ ದೂರು ಕೊಟ್ಟ.

ಮರುದಿನ ಬೆಳಿಗ್ಗೆ ಠಾಣೆಯ ಸಬ್‌ಇನ್‌ಸ್ಪೆಕ್ಟರ್, ದರೋಗಾ ಪರಿಹಾರ್ ಅವರು ಪೇದೆಯೊಬ್ಬನೊಂದಿಗೆ ಮನೆ ಶೋಧಿಸಲು ಬಂದರು. ಸಾಕ್ಷಿಯಾಗಿ ಹಾಕಿಮ್ ಸಿಂಗ್ ತಾನೇ ಮುಂದೆ ಬಂದ.

ರಾಮಬೇಟಿ ಬಾಗಿಲಿಗೆ ಅಡ್ಡ ನಿಂತಳು. “ಹುಡುಕಿ ದರೋಗಾ ಸಾಹೇಬ್ರೇ, ಬೇಡ ಅನ್ನಲ್ಲ. ಆದ್ರೆ ಒಳಗ್ ಬರೋರನ್ನ ಮೊದ್ಲು ನಾನ್ ತಪಾಸಣೆ ಮಾಡ್ಬೇಕು.”

“ಅದು ನಿಮ್ಮ ಹಕ್ಕು, ಮಾಡಿ ಅಮ್ಮ,” ಎಂದು ದರೋಗಾ ನಗುತ್ತ ಕೈ ಮೇಲೆತ್ತಿದರು. ಅವರ ಜೇಬಿನಲ್ಲಿ ಬಾಚಣಿಗೆಯೂ ಪೇದೆಯ ಜೇಬಿನಲ್ಲಿ ಅರ್ಧ ತಿಂದ ಎಳ್ಳಿನ ಮಿಠಾಯಿಯೂ ಸಿಕ್ಕವು.

“ಈಗ ನೀನ್ ಬಾರಪ್ಪ ಮೈದುನ.”

“ನಾನ್ಯಾಕೆ ಅತ್ತಿಗೆ? ನಾನು ಬರೀ ಸಾಕ್ಷಿ!” ಎಂದು ಹಾಕಿಮ್ ಸಿಂಗ್ ಹಿಂದಕ್ಕೆ ಹಾರಿದ. ಹಾರಿದ ರಭಸಕ್ಕೆ ಸೊಂಟದಲ್ಲಿದ್ದ ಪಿಸ್ತೂಲು ಜಾರಿ ಅವನ ಹೆಬ್ಬೆರಳ ಮೇಲೆಯೇ ಬಿತ್ತು.

ಒಂಟಿ ಕಾಲಲ್ಲಿ ಕುಣಿಯುತ್ತ ಅವನು, “ಅಯ್ಯಯ್ಯೋ, ಇದು ಅವಳ ಮನೆಯೊಳಗೆ ಸಿಗ್ಬೇಕಿತ್ತು!” ಎಂದು ಕೂಗಿಕೊಂಡ.

“ಯಾರು ಇಡ್ತಿದ್ರೋ ಅಲ್ಲಿ?” ಎಂದು ದರೋಗಾ ಅವನ ಕೊರಳಪಟ್ಟಿ ಹಿಡಿದರು.

ಅವನನ್ನು ಕೂರಿಸಿಕೊಂಡು ಪೊಲೀಸ್ ಜೀಪು ಹೊರಡುವಾಗ ರಾಮಬೇಟಿ ಎಲ್ಲರಿಗೂ ಮಜ್ಜಿಗೆ ತಂದಳು. ಹಾಕಿಮ್ ಸಿಂಗನ ಮುಂದೆಯೂ ಲೋಟ ಹಿಡಿದು, “ಕುಡಿಯೋ, ಠಾಣೇಲಿ ಇದೂ ಸಿಗಲ್ಲ,” ಎಂದಳು. ಅವನು ತಲೆ ಎತ್ತದೆ ಗಟಗಟನೆ ಕುಡಿದ.